ಹೆವಿವೇಟ್ ಹುಡುಗನ ಬಿಲ್ಡಪ್ ನಂಬೋ ಮುಂಚೆ ಏನೇನ್ ನೋಡ್ಬೇಕು

2025ರ ಆಗಸ್ಟ್ 16ರ ರಾತ್ರಿ ರಿಯಾದ್‌ನಲ್ಲಿ ಮೋಸೆಸ್ ಇಟೌಮಾ ಅನ್ನೋ ಇಪ್ಪತ್ತು ವರ್ಷದ ಬ್ರಿಟಿಷ್ ಬಾಕ್ಸರ್ ಹುಡುಗ ಹಳೇ ಹೆವಿವೇಟ್ ಡಿಲಿಯನ್ ವೈಟ್‌ನ 1 ನಿಮಿಷ 59 ಸೆಕೆಂಡಲ್ಲಿ ಮುಗಿಸ್ದ. ನಮ್ ಕಡೆ ಅದು ಭಾನುವಾರ ಬೆಳಗಿನ ಜಾವ, ನಾನು ಅಲಾರ್ಮ್ ಇಟ್ಕೊಂಡು ಎದ್ದು, ಕಾಫಿಗೆ ಹಾಲಿಟ್ಟು, ಫೋನ್ ನೋಡ್ತಾ ನಿಂತಿದ್ದೆ, ಹಾಲು ಉಕ್ಕೋದ್ರೊಳಗೆ ಫೈಟೇ ಮುಗ್ದೋಗಿತ್ತು. ಆಮೇಲೆ ಶುರುವಾಯ್ತು ನೋಡಿ, ಟೈಸನ್ ವಾಪಸ್ ಬಂದ, ಚಾಂಪಿಯನ್ ಉಸಿಕ್‌ಗೆ ಇನ್ಮೇಲೆ ಕಷ್ಟ, ಇವನನ್ನ ತಡೆಯೋರೇ ಇಲ್ಲ ಅಂತ ಎಲ್ಲಾ ಕಡೆ ಅವನದ್ದೇ ಹವಾ. ನನಗೂ ಹುಡುಗ ಇಷ್ಟನೇ. ಆದ್ರೆ ಇಂಥ ಹವಾನ ನಾನು ತುಂಬಾ ಸಲ ನೋಡಿದೀನಿ, ಅರ್ಧಕ್ಕರ್ಧ ಸಲ ಏಮಾರಿದೀನಿ ಕೂಡ, ಅದಕ್ಕೇ ಈಗ ನಾನು ಹೆಂಗೆ ನೋಡ್ತೀನಿ ಅಂತ ಬರೀತಿದೀನಿ.

ಮೊದಲನೇದು, ಗೆಲುವಿನ ನಂಬರ್ ಮುಚ್ಚಿಟ್ಟು ಎದುರಾಳಿಗಳ ಹೆಸರು ನೋಡಿ. ವೈಟ್ ಫೈಟ್ ಆದ್ಮೇಲೆ ಇಟೌಮಾ ರೆಕಾರ್ಡ್ 13-0 (13 ಗೆಲುವು, ಸೋಲು ಸೊನ್ನೆ), ಅದ್ರಲ್ಲಿ 11 ನಾಕೌಟ್. ಕೇಳೋಕೆ ಭಾರಿ. ಆದ್ರೆ ಹೆವಿವೇಟ್ ಅಂದ್ರೆ 200 ಪೌಂಡ್ ಮೇಲೆ ಎಷ್ಟಾದ್ರೂ ಇರಬಹುದು, ಹತ್ತತ್ರ 91 ಕೆಜಿ ದಾಟಿದ್ರೆ ಆಯ್ತು, ಮೇಲೆ ಲಿಮಿಟ್ಟೇ ಇಲ್ಲ. ಹಂಗಾಗಿ ಕೆಳಗಿನ ಲೆವೆಲ್ಲಲ್ಲಿ ಹೊಟ್ಟೆ ಬಂದಿರೋ, ನಿಧಾನ ಇರೋ, ವರ್ಷಕ್ಕೊಂದು ಫೈಟ್ ಆಡೋ ದೊಡ್ಡ ದೇಹದವರು ಬೇಕಾದಷ್ಟು ಸಿಗ್ತಾರೆ, ಅವರನ್ನ ಬೀಳಿಸಿ ಬೀಳಿಸಿ ರೆಕಾರ್ಡ್ ಕಟ್ಟೋದು ಸುಲಭ. ನಮ್ ಮೈಸೂರು ದಸರಾ ಕುಸ್ತಿಗೆ ಜೋಡಿ ಕಟ್ಟೋದು ಇರತ್ತಲ್ಲ, ಅಲ್ಲಿ ಹಿರಿಯರು ಕೂತ್ಕೊಂಡು ಸಮಸಮ ಇರೋ ಪೈಲ್ವಾನರನ್ನ ಜೋಡಿ ಮಾಡ್ತಾರೆ. ಪ್ರೊಫೆಶನಲ್ ಬಾಕ್ಸಿಂಗಲ್ಲಿ ಜೋಡಿ ಕಟ್ಟೋದು ಹುಡುಗನ ಪ್ರಮೋಟರೇ, ಸಮಸಮ ಆಗಬಾರದು ಅನ್ನೋದೇ ಅಲ್ಲಿ ಲೆಕ್ಕ. ಅದ್ರಲ್ಲಿ ಮೋಸ ಏನಿಲ್ಲ, ಹುಡುಗನ್ನ ಕಲಿಸೋ ರೀತಿನೇ ಅದು, ನಾವು ಅದನ್ನ ಪರಾಕ್ರಮ ಅನ್ಕೊಂಡ್ರೆ ತಪ್ಪು ನಮ್ದು. ನಮ್ ವಿಜೇಂದರ್ ಸಿಂಗ್ (ಅವರು ಹೆವಿವೇಟ್ ಅಲ್ಲ, ಆದ್ರೂ) 12-0 ಇದ್ರು, ಟಿವಿಲಿ ಏನ್ ಬಿಲ್ಡಪ್ಪು, 2021ರ ಮಾರ್ಚಲ್ಲಿ ಗೋವಾದ ಕ್ಯಾಸಿನೋ ಹಡಗಿನ ಮೇಲೆ ಆರ್ತಿಶ್ ಲೊಪ್ಸಾನ್ ಅನ್ನೋ ರಷ್ಯಾ ಹುಡುಗ 5ನೇ ರೌಂಡಲ್ಲಿ ಮಲಗಿಸ್ದ.

ಎದುರಾಳಿ ಹೆಸರು ಸಿಕ್ಮೇಲೆ ಬಾಕ್ಸರ್‌ಗಳ ರೆಕಾರ್ಡ್ ಇಡೋ ಬಾಕ್ಸ್‌ರೆಕ್ ವೆಬ್‌ಸೈಟ್‌ಗೆ ಹೋಗಿ ಅವನ ಪೇಜ್ ತೆಗೀರಿ. ವೈಟ್‌ದೇ ತಗೊಳ್ಳಿ. ದೊಡ್ಡ ಹೆಸರು ಹೌದು. 2015ರಲ್ಲಿ ಜೋಶುವಾ 7ನೇ ರೌಂಡಲ್ಲಿ ಬೀಳಿಸಿದಾನೆ, 2020ರಲ್ಲಿ ಪೊವೆಟ್ಕಿನ್ 5ನೇ ರೌಂಡಲ್ಲಿ, 2022ರಲ್ಲಿ ಫ್ಯೂರಿ 6ನೇ ರೌಂಡಲ್ಲಿ. ಇಟೌಮಾ ಮುಂದೆ ನಿಂತಾಗ ವಯಸ್ಸು 37. ಅಂದ್ರೆ ಮೂರು ಸಲ ಒಡೆದ ಮಡಕೆ. ಒಡೆದ ಮಡಕೆನ ಮತ್ತೆ ಒಡೆದ ಅಂತ ಹುಡುಗನ ಕೈ ಬಲ ಸುಳ್ಳಾಗಲ್ಲ, ಆದ್ರೆ ಜೋಶುವಾಗೆ ಏಳು ರೌಂಡ್ ಬೇಕಾಯ್ತು ಇವನಿಗೆ ಎರಡು ನಿಮಿಷ ಸಾಕಾಯ್ತು ಅನ್ನೋರಿಗೆ, ಸ್ವಾಮಿ, ಮಧ್ಯದಲ್ಲಿ ಹತ್ತು ವರ್ಷ ಕಳೆದಿದೆ ಅಂತ ಹೇಳಿ.

ಈ ‘ಅವನು ಇವನನ್ನ ಹೊಡೆದ, ಇವನು ಇನ್ನೊಬ್ಬನ್ನ ಹೊಡೆದ’ ಲೆಕ್ಕ ಇದ್ಯಲ್ಲ, ಇದನ್ನ ಕಟ್ಟಿ ಅಟ್ಟದ ಮೇಲೆ ಹಾಕಿ. ಅಮೆರಿಕದ ಜ್ಯಾರೆಡ್ ಆಂಡರ್ಸನ್ 17-0 ಇದ್ದ, 2024ರ ಆಗಸ್ಟಲ್ಲಿ ಮಾರ್ಟಿನ್ ಬಕೋಲೆ 5ನೇ ರೌಂಡಲ್ಲಿ ಅವನ ಹವಾ ಪೂರ್ತಿ ಇಳಿಸ್ದ. ತಕ್ಷಣ ಹವಾ ಬಕೋಲೆಗೆ ಶಿಫ್ಟ್ ಆಯ್ತು, ಎಲ್ರೂ ಅವನಿಗೆ ಹೆದರ್ತಾರೆ ಅಂತೆಲ್ಲಾ. 2025ರ ಫೆಬ್ರವರಿಲಿ ಜೋಸೆಫ್ ಪಾರ್ಕರ್ ಎದುರು ಆಡಬೇಕಿದ್ದ ಡೇನಿಯಲ್ ಡುಬ್ವಾಗೆ ಹುಷಾರು ತಪ್ಪಿತು ಅಂತ ಬಕೋಲೆ ಎರಡೇ ದಿನದ ನೋಟಿಸಲ್ಲಿ, 300 ಪೌಂಡ್ ದಾಟಿದ ಮೈ ಹೊತ್ಕೊಂಡು ಬಂದು ಪಾರ್ಕರ್ ಕೈಲಿ ಎರಡನೇ ರೌಂಡಲ್ಲೇ ಔಟ್. ಅದೇ ಪಾರ್ಕರ್‌ನ ಅಕ್ಟೋಬರ್‌ನಲ್ಲಿ ಫೇಬಿಯೋ ವಾರ್ಡ್ಲಿ 11ನೇ ರೌಂಡಲ್ಲಿ ನಿಲ್ಲಿಸ್ದ. ಹಂಗಾದ್ರೆ ವಾರ್ಡ್ಲಿ ಬಕೋಲೆನ ಎಷ್ಟನೇ ರೌಂಡಲ್ಲಿ ಬೀಳಿಸ್ತಾನೆ? ಲೆಕ್ಕ ಹಾಕ್ತಾ ಕೂತ್ರೆ ಬೆಳಗಾಗತ್ತೆ ಅಷ್ಟೇ.

ಮುಖ್ಯವಾದದ್ದು ಈಗ. ಹುಡುಗ ಹೊಡೆಯೋದನ್ನ ಎಲ್ರೂ ನೋಡ್ತಾರೆ, ನೀವು ಅವನು ಏಟು ತಿಂದ ಕ್ಷಣ ಹುಡುಕಿ. ಅದು ಸಿಗ್ಲೇ ಇಲ್ಲ ಅಂದ್ರೆ ಉತ್ತರನ ಪೌರುಷ ಒಲೆ ಮುಂದೆನೋ, ನಿಜವಾಗ್ಲೂ ಅರ್ಜುನನೋ ಅಂತ ಹೇಳೋಕೆ ಇನ್ನೂ ಆಗಲ್ಲ ಅಂತ ಅರ್ಥ, ಯಾವ ಕಡೆಗೂ ತೀರ್ಪು ಕೊಡಬೇಡಿ. ಬ್ರಿಟನ್‌ನ ಡೇವಿಡ್ ಪ್ರೈಸ್ ನೆನಪಿದ್ಯಾ? ಆರು ಅಡಿ ಎಂಟಿಂಚು, 2008ರ ಬೀಜಿಂಗ್ ಒಲಿಂಪಿಕ್ಸಲ್ಲಿ ಕಂಚು, 15-0. ಬಲಗೈ ಬಿದ್ರೆ ಎದುರಿಗಿದ್ದವನ ಕಥೆ ಮುಗೀತು, ನಾನಂತೂ ಇವನೇ ಮುಂದಿನ ಚಾಂಪಿಯನ್ ಅಂತ ಸಿಕ್ಕಸಿಕ್ಕವರ ಜೊತೆ ವಾದ ಮಾಡಿದ್ದೆ. 2013ರ ಫೆಬ್ರವರಿಲಿ ಅವನ ಊರು ಲಿವರ್‌ಪೂಲಲ್ಲೇ, ಆಗಿನ ಚಾಂಪಿಯನ್ ಕ್ಲಿಚ್ಕೋ ಕೈಲಿ ಎರಡು ಸಲ ಸೋತಿದ್ದ 41 ವರ್ಷದ ಟೋನಿ ಥಾಂಪ್ಸನ್ ಎರಡನೇ ರೌಂಡಲ್ಲಿ ಬೀಳಿಸ್ಬಿಟ್ಟ. ಅದೃಷ್ಟದ ಏಟು ಅಂದ್ವಿ. ಜುಲೈನಲ್ಲಿ ಮತ್ತೆ ಇಬ್ರೂ ಆಡಿದ್ರು, ಆ ಸಲ ಪ್ರೈಸ್ ಎರಡನೇ ರೌಂಡಲ್ಲೇ ಥಾಂಪ್ಸನ್‌ನ ಕೆಳಗೆ ಹಾಕ್ದ, ನಾನು ಎದ್ದು ನಿಂತ್ಕೊಂಡೆ, ಆದ್ರೆ ಮುದುಕ ಎದ್ದ. ಆಮೇಲೆ ಪ್ರೈಸ್‌ಗೆ ಉಸಿರಿಲ್ಲ, ಕೈ ಎತ್ತೋಕಾಗ್ತಿಲ್ಲ, ಐದನೇ ರೌಂಡಲ್ಲಿ ನಿಂತಲ್ಲೇ ಹೊಡೆಸ್ಕೊಂಡು ಮುಗೀತು. ಬೀಳಿಸಿದವನು ಎದ್ದು ಬಂದ್ರೆ ಏನ್ ಮಾಡೋದು ಅನ್ನೋ ಪ್ರಶ್ನೆ ಅವನಿಗೆ ಅಲ್ಲೀವರೆಗೂ ಬಂದೇ ಇರ್ಲಿಲ್ಲ.

ಅದಕ್ಕೇ ರೌಂಡ್ ಎಣಿಸಿ ಅನ್ನೋದು. ಟೈಸನ್ ಹೋಲಿಕೆ ಮಾಡೋರು ಇದನ್ನ ಮರೀತಾರೆ. ಟೈಸನ್ 1985ರ ಮಾರ್ಚಲ್ಲಿ ಶುರು ಮಾಡಿ 1986ರ ನವೆಂಬರ್ 22ಕ್ಕೆ ಬರ್ಬಿಕ್‌ನ ಹೊಡೆದು ಚಾಂಪಿಯನ್ ಆಗೋಷ್ಟರಲ್ಲಿ, ಅಂದ್ರೆ ಬರೀ 20 ತಿಂಗಳಲ್ಲಿ, ಅದಕ್ಕೆ ಮುಂಚೆ 27 ಫೈಟ್ ಆಡಿದ್ದ. 1986ರ ಮೇ ಒಂದೇ ತಿಂಗಳಲ್ಲಿ ಜೇಮ್ಸ್ ಟಿಲ್ಲಿಸ್ ಜೊತೆ 10 ರೌಂಡ್, ಮಿಚ್ ಗ್ರೀನ್ ಜೊತೆ 10 ರೌಂಡ್, ಇಬ್ರೂ ನಾಕೌಟ್ ಆಗ್ಲಿಲ್ಲ, ಪಾಯಿಂಟ್ಸಲ್ಲಿ ಗೆದ್ದ. ಆಗ ಅವನಿಗೆ 19 ವರ್ಷ. ಜನಕ್ಕೆ ನೆನಪಿರೋದು ನಾಕೌಟ್‌ಗಳ ವಿಡಿಯೋ, ಅವನನ್ನ ರೆಡಿ ಮಾಡಿದ್ದು ಆ ಬೋರಿಂಗ್ 20 ರೌಂಡು ಅಂತ ನನಗನ್ಸತ್ತೆ. ಇಟೌಮಾ 2023ರ ಜನವರಿಲಿ 23 ಸೆಕೆಂಡಿನ ಫೈಟಿಂದ ಶುರು ಮಾಡಿ ವೈಟ್‌ವರೆಗೆ ಎರಡೂವರೆ ವರ್ಷದಲ್ಲಿ 13, ಆರನೇ ರೌಂಡ್ ದಾಟಿ ಒಂದು ಸಲನೂ ಹೋಗಿರ್ಲಿಲ್ಲ. ಟೈಸನ್‌ನ ಅತಿ ಚಿಕ್ಕ ವಯಸ್ಸಿನ ಚಾಂಪಿಯನ್ ದಾಖಲೆ ಮುರೀತಾನೆ ಅಂತ ಮೊದಮೊದ್ಲು ಎಷ್ಟು ಮಾರ್ಕೆಟಿಂಗ್ ಮಾಡಿದ್ರು, 2025ರ ಮೇಗೆ ಆ ವಯಸ್ಸು ದಾಟೋಯ್ತು, ಯಾರೂ ಮಾತಾಡ್ಲಿಲ್ಲ. ಹಂಗಂತ ರೌಂಡ್ ಆಡದವನೆಲ್ಲಾ ಟೊಳ್ಳು ಅಂತಾನೂ ಅಲ್ಲ. ಡಿಯೋಂಟೆ ವೈಲ್ಡರ್ 32ಕ್ಕೆ 32 ನಾಕೌಟ್, ಒಂದೂ ನಾಲ್ಕನೇ ರೌಂಡ್ ದಾಟಿರ್ಲಿಲ್ಲ, ನಾವೆಲ್ಲಾ ನಕ್ಕಿದ್ವಿ, 2015ರ ಜನವರಿಲಿ ಸ್ಟಿವರ್ನ್ ಜೊತೆ 12 ರೌಂಡ್ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಮಾಡ್ಕೊಂಡೇ ಬೆಲ್ಟ್ ತಗೊಂಡ.

ಇನ್ನೊಂದು, ಫೈಟ್‌ನ ಎರಡನೇ ಸಲ ಮ್ಯೂಟ್ ಹಾಕಿ ನೋಡಿ. ಕಾಮೆಂಟೇಟರ್ ಕಿರುಚಾಟ ಇಲ್ದೆ ನೋಡಿದ್ರೆ ಅರ್ಧ ಹೊಡೆತ ಕೈಗೆ, ತೋಳಿಗೆ ಬಿದ್ದಿರೋದು ಗೊತ್ತಾಗತ್ತೆ. ಹುಡುಗನ ಕಾಲು ನೋಡಿ, ಹೊಡೆದ ಮೇಲೆ ಅಲ್ಲೇ ನಿಂತು ತನ್ನ ಕೆಲಸ ತಾನೇ ಮೆಚ್ಕೋತಾನೋ, ಪಕ್ಕಕ್ಕೆ ಸರೀತಾನೋ. ಹೊಡೆದ ಕೈ ವಾಪಸ್ ಗದ್ದಕ್ಕೆ ಬರತ್ತೋ, ಸೊಂಟದ ಹತ್ರ ತೂಗಾಡತ್ತೋ. ಇಟೌಮಾ ಬಗ್ಗೆ ನನ್ನ ನಂಬಿಕೆ ಹೆಚ್ಚಿಸಿದ್ದು ಇದೇ, ಆ ವಯಸ್ಸಿಗೆ ಅವನಿಗೆ ಆತುರ ಇಲ್ಲ, ಎಡಗೈಯವನು, ಮೊದಲು ಬಲಗೈಲಿ ತಡಕಿ ನೋಡಿ ಆಮೇಲೆ ಹೊಡೀತಾನೆ. ವೈಟ್ ಬಿದ್ದು ಎದ್ದ, ಆದ್ರೆ ಕಾಲು ಮಾತು ಕೇಳ್ಲಿಲ್ಲ, ರೆಫರಿ ನಿಲ್ಲಿಸ್ದ.

ಸ್ಪಾರಿಂಗ್ (ಪ್ರ್ಯಾಕ್ಟೀಸ್ ಫೈಟ್) ಕಥೆಗಳಂತೂ ಕೇಳ್ಲೇಬೇಡಿ, ಅಲ್ಲಿ ತಲೆಗೆ ಹೆಡ್‌ಗಾರ್ಡ್, ಕೈಗೆ ದಪ್ಪ ಗ್ಲೌಸ್, ಫೈಟಲ್ಲಿ 10 ಔನ್ಸ್.

ಹುಡುಗ ಸೋತ ದಿನವೂ ಇಷ್ಟೇ ತಾಳ್ಮೆ ಬೇಕು. 2020ರ ನವೆಂಬರ್‌ನಲ್ಲಿ ಡೇನಿಯಲ್ ಡುಬ್ವಾ ಜೋ ಜಾಯ್ಸ್ ಎದುರು ಹತ್ತನೇ ರೌಂಡಲ್ಲಿ ಮಂಡಿ ಊರಿ ಎದ್ದೇಳ್ಲಿಲ್ಲ, ಕಣ್ಣಿನ ಸುತ್ತಿನ ಮೂಳೆ ಮುರಿದಿತ್ತು, ಜನ ಮಾತ್ರ ಹೇಡಿ ಅಂದ್ರು. ಅದೇ ಡುಬ್ವಾ 2024ರ ಸೆಪ್ಟೆಂಬರ್‌ನಲ್ಲಿ ತುಂಬಿದ ವೆಂಬ್ಲಿಲಿ ಜೋಶುವಾನ ಐದನೇ ರೌಂಡಿಗೇ ಮಲಗಿಸ್ದ. ಆಮೇಲೆ ಉಸಿಕ್ ಕೈಲಿ ಸೋತ, ಅದು ಬೇರೆ ಮಾತು, ಉಸಿಕ್ ಕೈಲಿ ಸೋಲದವರು ಯಾರಿದಾರೆ.

ಇದಕ್ಕೆ ಉಲ್ಟಾ ಕೇಸ್ ವಾರ್ಡ್ಲಿ. ಅಮೆಚೂರ್ ಹಿನ್ನೆಲೆನೇ ಇಲ್ಲ, ಆಫೀಸಿನವರು ಹವ್ಯಾಸಕ್ಕೆ ಆಡೋ ವೈಟ್ ಕಾಲರ್ ಬಾಕ್ಸಿಂಗಿಂದ ಬಂದವನು, ಯಾರೂ ಬಿಲ್ಡಪ್ ಕೊಡ್ಲಿಲ್ಲ. 2025ರ ಜೂನಲ್ಲಿ ತನ್ನೂರು ಇಪ್ಸ್‌ವಿಚ್‌ನ ಫುಟ್‌ಬಾಲ್ ಮೈದಾನದಲ್ಲಿ ಜಸ್ಟಿಸ್ ಹುನಿ ಎದುರು ಒಂಬತ್ತು ರೌಂಡ್ ಪಾಠ ಹೇಳಿಸ್ಕೊಂಡು, ಸ್ಕೋರ್‌ಕಾರ್ಡಲ್ಲಿ ಹಿಂದಿದ್ದು, ಹತ್ತನೇ ರೌಂಡಲ್ಲಿ ಒಂದೇ ಬಲಗೈ ಏಟಿಗೆ ಫೈಟ್ ತಿರುಗಿಸ್ದ. ಚೆಂದದ ಬಾಕ್ಸಿಂಗ್ ಅಲ್ಲ, ಆದ್ರೆ ಸೋಲ್ತಿರೋವಾಗ ಏನ್ ಮಾಡ್ತಾನೆ ಅನ್ನೋದು ಅವನ ವಿಷಯದಲ್ಲಿ ನಮಗೆ ಗೊತ್ತು. ವೈಟ್ ಫೈಟ್ ರಾತ್ರಿವರೆಗೂ ಇಟೌಮಾ ವಿಷಯದಲ್ಲಿ ಗೊತ್ತಿರ್ಲಿಲ್ಲ, ಅದಕ್ಕೇ ಅವನ ಫೈಟ್ ಇದ್ದಾಗ ನಾನು ಈಗ ಕಾಫಿನ ಮೊದ್ಲೇ ಮಾಡಿ ಫ್ಲಾಸ್ಕಿಗೆ ಹಾಕಿಟ್ಕೋತೀನಿ, ಆರನೇ ರೌಂಡ್ ದಾಟಿದ್ರೆ ಎರಡನೇ ಲೋಟ.