ಗುರುತಿಲ್ಲದ ಪುಡಿ: ಸ್ಥಳದಲ್ಲಿ ನಾನು ಪರೀಕ್ಷೆ ಮಾಡುವ ಬಗೆ

ಲಕೋಟೆಯಿಂದ ಬಿಳಿ ಪುಡಿ ಉದುರಿದೆ ಎಂಬ ಕರೆ ಬಂದ ಕಡೆ ಹೋದರೆ, ಬಾಗಿಲಲ್ಲೇ ಎದುರಾಗುವ ಪ್ರಶ್ನೆ ಒಂದೇ: ‘ಇದು ಆಂಥ್ರಾಕ್ಸಾ?’ ಅಲ್ಲೇ ನಿಂತು ಹೌದು ಅಥವಾ ಅಲ್ಲ ಎಂದು ಖಚಿತವಾಗಿ ಹೇಳುವ ಸಾಧನ ನಮ್ಮ ಪೆಟ್ಟಿಗೆಯಲ್ಲಿಲ್ಲ. ಈ ಪುಡಿಯಲ್ಲಿ ಜೀವಿಗೆ ಸಂಬಂಧಪಟ್ಟದ್ದು ಏನಾದರೂ ಇರುವ ಸಾಧ್ಯತೆ ಇದೆಯೇ, ಇದನ್ನು ಎಷ್ಟು ತುರ್ತಾಗಿ ಲ್ಯಾಬಿಗೆ ಕಳಿಸಬೇಕು, ಅಲ್ಲಿದ್ದ ಜನರಿಗೆ ಈಗ ಏನು ಹೇಳಬೇಕು, ಇಷ್ಟನ್ನು ತೀರ್ಮಾನಿಸಲು ಮಾತ್ರ ನಮ್ಮ ಪರೀಕ್ಷೆಗಳು ನೆರವಾಗುತ್ತವೆ. ಅದಕ್ಕಿಂತ ಹೆಚ್ಚು ಹೇಳಲು ಹೋದರೆ ಜನರಿಗೆ ಅನ್ಯಾಯ ಮಾಡಿದಂತೆ ಎಂದು ನಾನು ನಂಬಿದ್ದೇನೆ.

ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ ಬಂದ ನಾನು ಈಗ ನ್ಯೂಜೆರ್ಸಿಯ ಒಂದು ಕೌಂಟಿಯ ಹಜ್ಮತ್ ತಂಡದಲ್ಲಿದ್ದೇನೆ, ಅಂದರೆ ಅಪಾಯಕಾರಿ ವಸ್ತುಗಳನ್ನು ನಿಭಾಯಿಸುವ ತಂಡ. ಈ ಕೆಲಸವನ್ನು ಇಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2001ರ ಆಂಥ್ರಾಕ್ಸ್ ಪತ್ರಗಳು ಅಂಚೆಗೆ ಬಿದ್ದದ್ದು ಇಲ್ಲೇ. ಸೆಪ್ಟೆಂಬರ್ 18 ಮತ್ತು ಅಕ್ಟೋಬರ್ 9ರ ಟ್ರೆಂಟನ್ ಮುದ್ರೆ ಹೊತ್ತು, ಹ್ಯಾಮಿಲ್ಟನ್ ಅಂಚೆ ಕೇಂದ್ರದ ಮೂಲಕ ಹೋದವು. ಕಾಯಿಲೆಬಿದ್ದ 22 ಜನರಲ್ಲಿ ಐವರು ತೀರಿಕೊಂಡರು. ಅವರಲ್ಲಿ ಇಬ್ಬರು ವಾಷಿಂಗ್ಟನ್ನಿನ ಬ್ರೆಂಟ್‌ವುಡ್ ಅಂಚೆ ಕೇಂದ್ರದ ನೌಕರರು. ಅಂಟಿಸಿದ ಲಕೋಟೆಗಳನ್ನು ವಿಂಗಡಣೆ ಯಂತ್ರ ಒತ್ತಿದಾಗ ಆಂಥ್ರಾಕ್ಸ್ ಬ್ಯಾಕ್ಟೀರಿಯಾದ ಬೀಜಾಣುಗಳು (ಅದರ ಗಟ್ಟಿ ಕವಚದ ಸುಪ್ತ ರೂಪ) ಹೊರಬಂದು ಗಾಳಿ ಸೇರಿದ್ದವು. ನಮ್ಮ ಊರ ಕಡೆ ದನ-ಕುರಿಗಳಿಗೆ ಬರುವ ನೆರಡಿ ರೋಗದ ಬ್ಯಾಕ್ಟೀರಿಯಾ ಕೂಡ ಇದೇ.

ಸ್ಥಳಕ್ಕೆ ಹೋದ ತಕ್ಷಣ ನಾನು ಪುಡಿಯ ಹತ್ತಿರ ಹೋಗುವುದಿಲ್ಲ, ಮೊದಲು ಜನರನ್ನು ಮಾತಾಡಿಸುತ್ತೇನೆ. ಲಕೋಟೆ ತೆರೆದವರು ಯಾರು, ಒಳಗೆ ಬೆದರಿಕೆಯ ಬರಹ ಇತ್ತೇ, ಯಾರಿಗಾದರೂ ಕಣ್ಣುರಿ, ಕೆಮ್ಮು, ವಾಂತಿ ಶುರುವಾಗಿದೆಯೇ? ನಿಮಿಷಗಳಲ್ಲೇ ಮೈಗೆ ಕಾಟ ಕೊಟ್ಟರೆ ರಾಸಾಯನಿಕದ ಮೇಲೆ ಅನುಮಾನ ಹೆಚ್ಚು. ರೋಗಾಣು ಆದರೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ದಿನಗಳೇ ಬೇಕು. ಅಷ್ಟರಲ್ಲಿ ಜೊತೆಯವರು ಕಟ್ಟಡದ ಎಸಿ ಮತ್ತು ಫ್ಯಾನ್ ನಿಲ್ಲಿಸಿರುತ್ತಾರೆ. ಪುಡಿ ತಾಗಿದವರು ಬಟ್ಟೆ ಬದಲಿಸಿ ಸೋಪು-ನೀರಿನಲ್ಲಿ ತೊಳೆದುಕೊಂಡರೆ ಸಾಕು. ಬ್ಲೀಚ್ ದ್ರಾವಣ ಉಪಕರಣಗಳಿಗೆ, ಮೈಗಲ್ಲ.

ಆಮೇಲೆ ಒಳಗೆ ಹೋಗಿ ವಿಕಿರಣ, ಸ್ಫೋಟಕ, ಉರಿಯುವ ಆವಿ, ಆಮ್ಲ-ಕ್ಷಾರ ಇವನ್ನು ನೋಡುತ್ತೇವೆ. ರೋಗಾಣು ಪರೀಕ್ಷಿಸುವ ಲ್ಯಾಬಿನಲ್ಲಿ ಸ್ಫೋಟಕಕ್ಕೆ ರಕ್ಷಣೆ ಇರುವುದಿಲ್ಲ, ಆದ್ದರಿಂದ ಈ ತಪಾಸಣೆ ಆಗದ ಮಾದರಿಯನ್ನು ಅವರು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಮುಂದಿನ ಹೆಜ್ಜೆಯಲ್ಲಿ ನಾನು ತುಂಬ ಹಟಮಾರಿ. ಪುಡಿಯ ದೊಡ್ಡ ಪಾಲು ಲ್ಯಾಬಿಗೆ, ಅದೂ ಮೊದಲೇ. ಒಬ್ಬರು ಪುಡಿ ಮುಟ್ಟಿದರೆ ಇನ್ನೊಬ್ಬರು ಶುದ್ಧ ಕೈಯಲ್ಲಿ ಡಬ್ಬಿ ಹಿಡಿದು ನಿಲ್ಲುತ್ತಾರೆ. ಗಟ್ಟಿ ಕಾರ್ಡಿನ ಮೇಲೆ ಪುಡಿಯನ್ನು ಸ್ವ್ಯಾಬಿನಿಂದ ಮೆಲ್ಲಗೆ ತಳ್ಳಿ ಡಬ್ಬಿಗೆ ಇಳಿಸಿ, ಮುಚ್ಚಿ, ಮುದ್ರೆ ಹಾಕಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆದಿಡುತ್ತೇವೆ. ಅದು ನ್ಯಾಯಾಲಯದಲ್ಲಿ ಸಾಕ್ಷ್ಯ ಆಗಬಹುದು. ಇಷ್ಟಾದ ಮೇಲೆ ಮೇಜಿನ ಮೇಲೆ ಉಳಿದ ಪುಡಿಯಲ್ಲಿ ಮಾತ್ರ ನಮ್ಮ ಪರೀಕ್ಷೆ. ಇದ್ದ ಪುಡಿ ಚಿಟಿಕೆಯಷ್ಟೇ ಆದರೆ ನಾನು ಏನನ್ನೂ ಪರೀಕ್ಷಿಸುವುದಿಲ್ಲ, ಅಷ್ಟೂ ಲ್ಯಾಬಿಗೆ ಹೋಗುತ್ತದೆ. ಸ್ಥಳದಲ್ಲೇ ಉತ್ತರ ಬೇಕೆಂದು ಮೇಲಿನವರು ಎಷ್ಟೇ ಒತ್ತಾಯ ಮಾಡಿದರೂ ಇದರಲ್ಲಿ ರಾಜಿ ಇಲ್ಲ.

ಪ್ರೋಟೀನ್ ಪರೀಕ್ಷೆ ನೋಡಲು ಸರಳ. ಸ್ವ್ಯಾಬಿನ ತುದಿಗೆ ಪುಡಿ ತಾಗಿಸಿ, ಟ್ಯೂಬಿನ ತಿಳಿಹಸಿರು ದ್ರಾವಣದಲ್ಲಿ ಅದ್ದಿ, ಅಲ್ಲಾಡಿಸಿ, ಐದು ನಿಮಿಷ ಕಾಯಬೇಕು. ಪ್ರೋಟೀನ್ ಇದ್ದರೆ ದ್ರಾವಣದಲ್ಲಿರುವ ತಾಮ್ರದ ಅಯಾನು ರೂಪ ಬದಲಿಸಿ ಬಣ್ಣ ನೇರಳೆಗೆ ತಿರುಗುತ್ತದೆ. ಬೀಜಾಣುಗಳಲ್ಲಿ ಪ್ರೋಟೀನ್ ಇದೆ, ರೈಸಿನ್ ವಿಷವೇ ಒಂದು ಪ್ರೋಟೀನ್. ಆದರೆ ಗೋಧಿ ಹಿಟ್ಟಿನಲ್ಲೂ ಹಾಲಿನ ಪುಡಿಯಲ್ಲೂ ಪ್ರೋಟೀನ್ ಇದೆ. ಬಣ್ಣ ಓದಲು ಕಣ್ಣು ಪಳಗಲಿ ಎಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಂದು ಅಭ್ಯಾಸ ಮಾಡಿದ್ದೇನೆ. ಕಡಲೆ ಹಿಟ್ಟು ಗಾಢ ನೇರಳೆ ಬರುತ್ತದೆ. ಉಪ್ಪು, ಅಡುಗೆ ಸೋಡಾ, ಟಾಲ್ಕಂ ಪೌಡರ್ ಹಸಿರಾಗೇ ಉಳಿಯುತ್ತವೆ. ಪ್ರೋಟೀನ್ ಇಲ್ಲದಿದ್ದರೂ ಗ್ಲುಕೋಸ್ ಪುಡಿ ಬಣ್ಣ ತಿರುಗಿಸುತ್ತದೆ, ಅಂಥ ಸಕ್ಕರೆಗಳು ತಾಮ್ರದ ಮೇಲೆ ಅದೇ ಕೆಲಸ ಮಾಡುತ್ತವೆ. ಹೀಗಾಗಿ ನೇರಳೆ ಬಂದ ಮಾತ್ರಕ್ಕೆ ಹೆದರಬೇಕಿಲ್ಲ, ಮುಂದೆ ನೋಡಬೇಕು ಅಷ್ಟೆ.

ಆಮ್ಲ-ಕ್ಷಾರ ಎಷ್ಟೆಂದು ತೋರಿಸುವ ಪಿಎಚ್ ಪಟ್ಟಿಯನ್ನೂ ಇದರ ಜೊತೆಯಲ್ಲೇ ಓದಬೇಕು. ಜೀವಾಣುಗಳಿರುವ ಪುಡಿ ಸಾಮಾನ್ಯವಾಗಿ 5ರಿಂದ 9ರ ಒಳಗೆ ನಿಲ್ಲುತ್ತದೆ. ನಿಂಬೆ ಉಪ್ಪು ಅದಕ್ಕಿಂತ ತುಂಬ ಕೆಳಗೆ, ಬಟ್ಟೆ ಒಗೆಯುವ ಸೋಡಾ ತುಂಬ ಮೇಲೆ. ಪುಡಿ ಕಟು ಆಮ್ಲವಾಗಿದ್ದರೆ ಪ್ರೋಟೀನ್ ಪರೀಕ್ಷೆಯ ಬಣ್ಣವನ್ನೇ ಕೆಡಿಸಬಹುದು, ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ನಾನು ನಂಬುವುದಿಲ್ಲ. ಅಯೋಡಿನ್ ಹನಿ ಹಾಕಿದಾಗ ಕಡುನೀಲಿಯಾದರೆ ಪಿಷ್ಟ ಇದೆ ಎಂದರ್ಥ. ಆದರೆ ಪಿಷ್ಟ ಇದೆ ಎಂದ ಮಾತ್ರಕ್ಕೆ ಬೇರೇನೂ ಬೆರೆತಿಲ್ಲ ಎಂದು ಅರ್ಥವಲ್ಲ.

ಹಸಿರಾಗೇ ಉಳಿದ ಟ್ಯೂಬಿನ ಬಗ್ಗೆಯೂ ಹೇಳಬೇಕು. ಕಣ್ಣಿಗೆ ಕಾಣುವಷ್ಟು ಪುಡಿ ಇದ್ದಾಗ ಮಾತ್ರ ಆ ಫಲಿತಾಂಶಕ್ಕೆ ಬೆಲೆ. ಮೇಜು ಒರೆಸಿದ ಮೇಲೆ ಉಳಿದ ಧೂಳಿನಲ್ಲಿ ಈ ಪರೀಕ್ಷೆ ಏನನ್ನೂ ಹಿಡಿಯದು.

ಗರ್ಭಧಾರಣೆ ಪರೀಕ್ಷೆಯ ಪಟ್ಟಿಯಂತೆ ಗೆರೆ ಮೂಡುವ ಆಂಥ್ರಾಕ್ಸ್ ಪಟ್ಟಿಗಳೂ ಸಿಗುತ್ತವೆ. ಅವನ್ನಷ್ಟೇ ನೆಚ್ಚಿ ತೀರ್ಮಾನಕ್ಕೆ ಬರುವುದನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಆಗಿನ ಪಟ್ಟಿಗಳನ್ನು ಸ್ಥಳದಲ್ಲಿ ಬಳಸಬೇಡಿ ಎಂದು ಶ್ವೇತಭವನದ ವಿಜ್ಞಾನ-ತಂತ್ರಜ್ಞಾನ ನೀತಿ ಕಚೇರಿ 2002ರಲ್ಲೇ ಸಲಹೆ ಕೊಟ್ಟಿತ್ತು. ಪಟ್ಟಿಗಳು ಈಗ ಸುಧಾರಿಸಿವೆ, ನಿಜ. ಆದರೂ ತೋಟಗಾರರು ಹುಳಕ್ಕೆ ಸಿಂಪಡಿಸುವ ಬಿಟಿ ಪುಡಿಯಲ್ಲಿರುವುದು ಆಂಥ್ರಾಕ್ಸ್‌ನ ಹತ್ತಿರದ ನೆಂಟ ಬ್ಯಾಕ್ಟೀರಿಯಾದ ಬೀಜಾಣು. ಅದರಲ್ಲಿ ಪ್ರೋಟೀನೂ ಇದೆ. ಎರಡನ್ನೂ ಭರವಸೆಯಿಂದ ಬೇರ್ಪಡಿಸಬೇಕಾದರೆ ಲ್ಯಾಬೇ ಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಎಫ್‌ಬಿಐ ಮತ್ತು ಸಾರ್ವಜನಿಕ ಆರೋಗ್ಯ ಪ್ರಯೋಗಾಲಯಗಳ ಸಂಘ ಸೇರಿ 1999ರಲ್ಲಿ ಕಟ್ಟಿದ ಲ್ಯಾಬ್ ಜಾಲ ಇರುವುದೇ ಅದಕ್ಕೆ. ಪಿಸಿಆರ್ ಉತ್ತರ ಗಂಟೆಗಳಲ್ಲಿ ಬರುತ್ತದೆ, ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಇನ್ನಷ್ಟು ಹೊತ್ತು ಹಿಡಿಯುತ್ತದೆ.

ಒಮ್ಮೆ ಒಂದು ಕಚೇರಿಯ ಟಪಾಲು ಕೋಣೆಯಲ್ಲಿ ಟ್ಯೂಬು ಚೆನ್ನಾಗಿ ನೇರಳೆಯಾಯಿತು, ಪಿಎಚ್ 7ರ ಹತ್ತಿರ ಬಂತು. ಲಕೋಟೆಯಲ್ಲಿ ಬೆದರಿಕೆಯ ಸಾಲೂ ಇತ್ತು. ಅದನ್ನು ತೆರೆದ ಹೆಂಗಸು ಹೊರಗೆ ಕಂಬಳಿ ಹೊದ್ದು ಕೂತಿದ್ದರು. ‘ಮನೆಯಲ್ಲಿ ಎಳೇ ಮಗು ಇದೆ, ಎತ್ತಿಕೊಳ್ಳಬಹುದಾ?’ ಎಂದು ಕೇಳಿದರು. ‘ನೀವು ತೊಳೆದುಕೊಂಡಿದ್ದೀರಿ, ಬಟ್ಟೆ ಬದಲಾಯಿಸಿದ್ದೀರಿ, ಎತ್ತಿಕೊಳ್ಳಿ. ಆಂಥ್ರಾಕ್ಸ್ ಒಬ್ಬರ ಉಸಿರಿನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಈ ಪುಡಿ ಏನೆಂದು ನನಗಿನ್ನೂ ಗೊತ್ತಿಲ್ಲ, ಗೊತ್ತಾದ ಕೂಡಲೇ ನಿಮಗೆ ಫೋನ್ ಬರುತ್ತದೆ’ ಎಂದೆ. ಲ್ಯಾಬಿನಲ್ಲಿ ಅದು ಕಾಫಿಗೆ ಬೆರೆಸುವ ಕ್ರೀಮರ್ ಎಂದು ಗೊತ್ತಾಯಿತು. ಅದರಲ್ಲಿ ಹಾಲಿನ ಪ್ರೋಟೀನ್ ಇರುತ್ತದೆ.

ಅದಕ್ಕೇ, ಕೋಣೆಯಲ್ಲಿದ್ದ ಪ್ರತಿಯೊಬ್ಬರ ಹೆಸರು ಮತ್ತು ಫೋನ್ ನಂಬರ್ ಬರೆದುಕೊಳ್ಳದೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಲ್ಯಾಬ್ ‘ಆಂಥ್ರಾಕ್ಸ್ ಇದೆ’ ಎಂದರೆ ಅವರಿಗೆ 60 ದಿನಗಳ ಆಂಟಿಬಯಾಟಿಕ್ ಮಾತ್ರೆ ಅವತ್ತೇ ಶುರುವಾಗಬೇಕು. ‘ಇಲ್ಲ’ ಎಂದರೂ ಆ ಪಟ್ಟಿಯಲ್ಲಿರುವ ಎಲ್ಲರಿಗೂ ನಾವೇ ಫೋನ್ ಮಾಡಿ ಹೇಳುತ್ತೇವೆ, ಕಚೇರಿಯ ನೋಟಿಸ್ ಬೋರ್ಡಿಗೆ ಬಿಡುವುದಿಲ್ಲ.