ಚಿಕ್ಕಮಗಳೂರಿನ ಚಳಿಯಲ್ಲಿ ಫೈಟರ್ ಮೀನಿಗೆ ಮನೆ ಮಾಡಿದ್ದು: ನನ್ನ ಅನುಭವ

ಡಿಸೆಂಬರ್ ತಿಂಗಳು, ಬೆಳಿಗ್ಗೆ ಆರು ಗಂಟೆ. ನಮ್ಮ ಮನೆಯ ಗಾಜಿನ ಬೌಲ್‌ನಲ್ಲಿ ನೀರು 17 ಡಿಗ್ರಿ ಇತ್ತು. ಅದೇ ನೀರು ಮಧ್ಯಾಹ್ನ ಎರಡು ಗಂಟೆಗೆ 24 ಡಿಗ್ರಿ. ಒಂದೇ ದಿನದಲ್ಲಿ ಏಳು ಡಿಗ್ರಿ ಏರಿಳಿತ. ಅದರೊಳಗೆ ಒಂದು ಕೆಂಪು ಫೈಟರ್ ಮೀನು. ಬೆಳಿಗ್ಗೆ ಹೊತ್ತು ತಳದಲ್ಲಿ ಒರಗಿಕೊಂಡು ಬಿದ್ದಿರುತ್ತಿತ್ತು, ಬಿಸಿಲು ಕಿಟಕಿಗೆ ಬಂದ ಮೇಲೆ ಸ್ವಲ್ಪ ಓಡಾಡುತ್ತಿತ್ತು. ಸೋಮಾರಿ ಮೀನು ಅಂತ ಮಗ ಹೇಳುತ್ತಿದ್ದ. ನನಗೆ ಅನುಮಾನ ಬಂದು ಥರ್ಮಾಮೀಟರ್ ತಂದು ಇಟ್ಟು ನೋಡುವ ಹೊತ್ತಿಗೆ ತಡವಾಗಿತ್ತು. ರೆಕ್ಕೆ ಮೈಗೆ ಅಂಟಿಸಿಕೊಂಡಿತು, ಊಟ ಬಿಟ್ಟಿತು, ಜನವರಿಯ ಮೊದಲ ವಾರ ಸತ್ತುಹೋಯಿತು.

ಬೌಲ್ ಕೊಟ್ಟ ಅಂಗಡಿಯವರು "ಇದಕ್ಕೆ ಇಷ್ಟು ಜಾಗ ಸಾಕಮ್ಮಾ, ವಾರಕ್ಕೊಂದು ಸಲ ನೀರು ಪೂರ್ತಿ ಚೆಲ್ಲಿ ಹೊಸದು ಹಾಕಿ" ಅಂದಿದ್ದರು. ಎರಡು ಲೀಟರ್ ಹಿಡಿಯುವ ಬೌಲ್ ಅದು. ನಾನೂ ನಂಬಿದೆ. ಅಂಗಡಿಯಲ್ಲಿ ಅದಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಲೋಟದಲ್ಲಿ ಇತ್ತಲ್ವಾ, ಇದು ದೊಡ್ಡ ಮನೆ ಅಂತಲೇ ಅಂದುಕೊಂಡೆ.

ಆಮೇಲೆ ಒಂದು ವರ್ಷ ಮೀನು ತರಲಿಲ್ಲ. ಓದಿದೆ, ಸಾಕಿದವರನ್ನು ಕೇಳಿದೆ. ಎರಡನೇ ಸಲ ಮೊದಲು ಮನೆ ಮಾಡಿ, ಆಮೇಲೆ ಮೀನು ತಂದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಕಡೆ ಚಳಿ ಇರುವ ಊರಿನಲ್ಲಿ ಸಾಕುವವರಿಗೆ ಬೆಂಗಳೂರು, ಮಂಗಳೂರಿನವರ ಲೆಕ್ಕ ಅಷ್ಟು ಹೊಂದುವುದಿಲ್ಲ.

ಫೈಟರ್ ಮೀನು ಥಾಯ್ಲೆಂಡ್ ಕಡೆಯದು. 2019ರಲ್ಲಿ ಆ ದೇಶದ ಸರ್ಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಅಲ್ಲಿ ಇದು ಇರುವುದು ಭತ್ತದ ಗದ್ದೆ, ಕೆರೆ ಅಂಚು, ಹುಲ್ಲು ಬೆಳೆದ ನಿಧಾನದ ಕಾಲುವೆಗಳಲ್ಲಿ. ತಲೆಯೊಳಗೆ ಇದಕ್ಕೆ ಒಂದು ವಿಶೇಷ ಅಂಗ ಇದೆ, ಅದರಿಂದ ಮೇಲೆ ಬಂದು ನಮ್ಮ ಹಾಗೆ ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ಕಡಿಮೆ ಇದ್ದರೂ ಬದುಕುತ್ತದೆ. ಲೋಟದಲ್ಲಿ ಮಾರುವುದಕ್ಕೆ ಆಗುವುದು ಇದರಿಂದಲೇ. ಆದರೆ ಲೋಟದಲ್ಲಿ ಸಾಯದೆ ಇರುವುದಕ್ಕೂ ಚೆನ್ನಾಗಿ ಇರುವುದಕ್ಕೂ ತುಂಬ ವ್ಯತ್ಯಾಸ ಇದೆ.

ನಮ್ಮ ಅತ್ತೆಯ ತವರು ಮೂಡಿಗೆರೆ ಕಡೆ, ಗದ್ದೆ ಕೆಲಸ ಮಾಡಿ ಬೆಳೆದವರು. ನಾನು ಇದನ್ನೆಲ್ಲ ಹೇಳಿದಾಗ ಅವರು ಥಟ್ಟನೆ ಒಂದು ಮಾತು ಹೇಳಿದರು. "ಗದ್ದೆ ನೀರು ಗೇಣುದ್ದ ಆಳ ಇರಬಹುದು ಕಣೇ, ಆದ್ರೆ ಎಷ್ಟಗಲ ಇರುತ್ತೆ ನೋಡು. ಮಧ್ಯಾಹ್ನ ಕಾಲಿಟ್ಟರೆ ಬೆಚ್ಚಗಿರುತ್ತೆ." ನನಗೆ ಟ್ಯಾಂಕ್ ಆರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಯಾರೂ ಕೊಡಲಿಲ್ಲ. ಆಳ ಬೇಡ, ಅಗಲ ಬೇಕು. ಮತ್ತೆ ಬೆಚ್ಚಗೆ ಬೇಕು.

ಬೆಚ್ಚಗೆ ಅಂದರೆ 25ರಿಂದ 27 ಡಿಗ್ರಿ, ಅದೂ ದಿನವಿಡೀ ಒಂದೇ ತರಹ. ಸ್ವಲ್ಪ ನೀರು ಬೇಗ ಕಾಯುತ್ತದೆ, ಬೇಗ ತಣ್ಣಗಾಗುತ್ತದೆ. ಲೋಟದ ಕಾಫಿ ಐದು ನಿಮಿಷಕ್ಕೆ ಆರುತ್ತದೆ, ಸ್ನಾನದ ಹಂಡೆ ನೀರು ಮಧ್ಯಾಹ್ನದವರೆಗೂ ಉಗುರುಬೆಚ್ಚಗೆ ಇರುತ್ತದೆ. ನೀರು ಜಾಸ್ತಿ ಇದ್ದಷ್ಟೂ ಚಳಿ ನಿಧಾನವಾಗಿ ತಟ್ಟುತ್ತದೆ. ಕೊಳೆಯೂ ಹಾಗೆಯೇ. ಮೀನಿನ ಹಿಕ್ಕೆ, ಮಿಕ್ಕ ಊಟ ಎಲ್ಲದರಿಂದ ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಎರಡು ಲೀಟರ್‌ನಲ್ಲಿ ಅದು ಬೇಗ ಏರುತ್ತದೆ, ಇಪ್ಪತ್ತು ಲೀಟರ್‌ನಲ್ಲಿ ಹರಡಿಕೊಂಡು ತೆಳುವಾಗುತ್ತದೆ.

ಒಂದು ಮೀನಿಗೆ ಹತ್ತು ಲೀಟರ್‌ಗಿಂತ ಕಡಿಮೆ ಬೇಡ ಅಂತ ಅನುಭವ ಇದ್ದವರು ಹೇಳುತ್ತಾರೆ, ಹತ್ತೊಂಬತ್ತು ಇಪ್ಪತ್ತು ಇದ್ದರೆ ಇನ್ನೂ ಒಳ್ಳೆಯದು ಅನ್ನುತ್ತಾರೆ. ನಮ್ಮ ಊರಿಗೆ ಇಪ್ಪತ್ತೇ ಕನಿಷ್ಠ ಅಂತ ನಾನು ಖಂಡಿತ ಹೇಳುತ್ತೇನೆ.

ಅಂಗಡಿಯಲ್ಲಿ ಎತ್ತರದ ಸಿಲಿಂಡರ್ ತರಹದ್ದು ಒಂದು ಇತ್ತು, ನೋಡುವುದಕ್ಕೆ ಚೆಂದ. ಬೇಡ ಅಂದೆ. ಗಾಳಿಗೆ ಪ್ರತಿ ಸಲ ಮೇಲೆ ಬರಬೇಕಾದ ಮೀನು, ಅದರಲ್ಲೂ ಹಾಫ್‌ಮೂನ್ ತಳಿಗೆ ಲಂಗದ ಹಾಗೆ ಅಗಲವಾದ ಭಾರದ ರೆಕ್ಕೆ, ಅದನ್ನು ಹೊತ್ತುಕೊಂಡು ಒಂದೂವರೆ ಅಡಿ ಹತ್ತಿ ಇಳಿಯುತ್ತಿರಬೇಕು ಅಂದರೆ ಸುಸ್ತಾಗುವುದಿಲ್ವಾ? ದುಂಡಗಿನ ಬೌಲ್‌ಗೆ ಮುಚ್ಚಳ ಕೂರುವುದಿಲ್ಲ, ಹೀಟರ್ ನೆಟ್ಟಗೆ ನಿಲ್ಲುವುದಿಲ್ಲ. ಕೊನೆಗೆ ಗಾಜಿನ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದೆ. ನಾನು ಟೈಲರಿಂಗ್ ಮಾಡುವವಳು, ಅಳತೆ ಬರೆದು ಕೊಡುವುದು ನನಗೆ ದಿನದ ಕೆಲಸ. ಉದ್ದ 18 ಇಂಚು, ಅಗಲ 10, ಎತ್ತರ 10. ಐದು ಮಿಲಿಮೀಟರ್ ಗಾಜು. ಸೆಂಟಿಮೀಟರ್‌ನಲ್ಲಿ ಹೆಚ್ಚುಕಡಿಮೆ 45, 25, 25. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಲೆಕ್ಕ ಬರುತ್ತದೆ, ಅಂದರೆ 28. ನಾನು ತುಂಬಿಸುವುದು 20 ಸೆಂಟಿಮೀಟರ್‌ವರೆಗೆ ಮಾತ್ರ, ಹಾಗಾಗಿ ನೀರು ಸುಮಾರು 22 ಲೀಟರ್. ಮೇಲೆ ಎರಡು ಇಂಚು ಗಾಳಿಗೆ ಬಿಟ್ಟಿದ್ದೇನೆ.

ಸಿಲಿಕಾನ್ ಅಂಟು ಒಣಗಲು ಎರಡು ದಿನ ಬಿಟ್ಟು, ಆಮೇಲೆ ಅಂಗಳದಲ್ಲಿ ನೀರು ತುಂಬಿಸಿ ಒಂದು ರಾತ್ರಿ ಇಟ್ಟೆ. ಸೋರುತ್ತದೆಯಾ ಅಂತ ಸುತ್ತ ಹಳೇ ಪೇಪರ್ ಹಾಸಿದ್ದೆ. ಒಂದು ಮೂಲೆಯಲ್ಲಿ ಪೇಪರ್ ಒದ್ದೆಯಾಗಿತ್ತು, ವಾಪಸ್ ಕೊಟ್ಟು ಸರಿ ಮಾಡಿಸಿಕೊಂಡೆ. ಮನೆಯೊಳಗೆ ಇಟ್ಟ ಮೇಲೆ ಗೊತ್ತಾಗಿದ್ದರೆ ಕಷ್ಟ ಆಗುತ್ತಿತ್ತು.

ಎಲ್ಲಿ ಇಡುವುದು ಅನ್ನುವುದಕ್ಕೆ ನಾವು ಮೂರು ಸಲ ಜಾಗ ಬದಲಿಸಿದೆವು. ಕಿಟಕಿ ಹತ್ತಿರ ಬೇಡ, ಬಿಸಿಲಿಗೆ ನೀರು ಕಾದು ಪಾಚಿ ಕಟ್ಟುತ್ತದೆ, ರಾತ್ರಿ ಅದೇ ಕಿಟಕಿಯಿಂದ ಥಂಡಿ ಗಾಳಿ. ನನ್ನ ಹೊಲಿಗೆ ಮೇಜಿನ ಮೇಲೆ ಬೇಡ, ಮಿಷನ್ ಓಡಿದಷ್ಟು ಹೊತ್ತೂ ಅದುರುತ್ತದೆ. ಮಲಗುವ ಕೋಣೆಯಲ್ಲಿ ಇಡೋಣ ಅಂತ ಮಗ ಹಟ ಮಾಡಿದ. ಅಲ್ಲಿ ರಾತ್ರಿ ಸೊಳ್ಳೆ ಬತ್ತಿ ಹಚ್ಚುತ್ತೇವೆ. ಆ ಬತ್ತಿ, ಲಿಕ್ವಿಡ್, ಸ್ಪ್ರೇಗಳಲ್ಲಿ ಇರುವ ಔಷಧಿ ಮೀನಿಗೆ ತುಂಬ ಕೆಟ್ಟದ್ದು, ಅದರ ಮೇಲೆ ಇದು ಗಾಳಿಯನ್ನೇ ನುಂಗುವ ಮೀನು. ಇದನ್ನು ಬಹಳ ಜನ ಯೋಚನೆ ಮಾಡುವುದಿಲ್ಲ, ದಯವಿಟ್ಟು ಮಾಡಿ. ಕೊನೆಗೆ ಹಾಲ್‌ನಲ್ಲಿ ಒಳಗೋಡೆಗೆ ಒತ್ತಿದ ಹಾಗೆ, ಕಡಪ ಕಲ್ಲು ಹಾಕಿದ ಗಟ್ಟಿ ಶೆಲ್ಫ್ ಮೇಲೆ ಇಟ್ಟೆವು. ನೀರು, ಗಾಜು, ಮರಳು ಸೇರಿ ಮೂವತ್ತು ಕೆಜಿ ದಾಟುತ್ತದೆ, ಪ್ಲಾಸ್ಟಿಕ್ ಸ್ಟ್ಯಾಂಡ್ ತಡೆಯುವುದಿಲ್ಲ. ಅಡಿಗೆ ಒಂದು ಥರ್ಮಾಕೋಲ್ ಹಾಳೆ ಹಾಸಿದೆ, ಕಲ್ಲಿನ ಏರುತಗ್ಗಿಗೂ ಆಯಿತು, ಕೆಳಗಿನ ಥಂಡಿಗೂ ಆಯಿತು.

ಹೀಟರ್ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಮೊದಲು 25 ವ್ಯಾಟ್‌ನದ್ದು ತಂದೆ, ಲೀಟರ್‌ಗೆ ಒಂದು ವ್ಯಾಟ್ ಅನ್ನುವ ಲೆಕ್ಕ ಕೇಳಿದ್ದೆ. ಚಳಿಗಾಲದ ರಾತ್ರಿ ಅದು ಒಂದು ನಿಮಿಷವೂ ಆರದೆ ಉರಿಯಿತು, ಬೆಳಿಗ್ಗೆ ನೋಡಿದರೆ ನೀರು 23 ಡಿಗ್ರಿ, ಅದಕ್ಕಿಂತ ಮೇಲೆ ಹೋಗಲೇ ಇಲ್ಲ. ಕೋಣೆಯೇ 17 ಡಿಗ್ರಿ ಇದ್ದರೆ ಪಾಪ ಅದಾದರೂ ಏನು ಮಾಡುತ್ತದೆ. 50 ವ್ಯಾಟ್‌ನದ್ದು ತಂದು 26ಕ್ಕೆ ಇಟ್ಟೆ. ಈಗ ಉರಿಯುತ್ತದೆ, ಆರುತ್ತದೆ, ಮತ್ತೆ ಉರಿಯುತ್ತದೆ. ಥರ್ಮೋಸ್ಟಾಟ್, ಅಂದರೆ ಇಟ್ಟಷ್ಟು ಡಿಗ್ರಿಗೆ ಬಂದ ಮೇಲೆ ತಾನೇ ಆರಿಸುವ ಸಾಧನ, ಇರುವುದನ್ನೇ ತಗೊಳ್ಳಿ, ಆದರೂ ಅದರ ಮೇಲೆ ಬರೆದಿರುವ ಅಂಕಿಯನ್ನು ನಂಬಬೇಡಿ. ಎದುರು ಮೂಲೆಯಲ್ಲಿ ಬೇರೆ ಥರ್ಮಾಮೀಟರ್ ಇರಲಿ. ನೀರು ತೆಗೆಯುವಾಗ ಸ್ವಿಚ್ ಆಫ್ ಮಾಡಿ, ನೀರಿಲ್ಲದೆ ಕಾದರೆ ಅದರ ಗಾಜು ಒಡೆಯುತ್ತದೆ. ಕರೆಂಟ್ ಬಿಲ್ ಎಷ್ಟಾಗುತ್ತೋ ಅಂತ ಮನೆಯವರಿಗೆ ಚಿಂತೆ ಇತ್ತು. 24 ಗಂಟೆ ಬಿಡದೆ ಉರಿದರೂ ದಿನಕ್ಕೆ 1.2 ಯೂನಿಟ್, ನಿಜವಾಗಿ ಅಷ್ಟೂ ಆಗುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ಜುಲೈನಲ್ಲಿ ಗಾಳಿಗೆ ಎಲ್ಲೋ ಕೊಂಬೆ ಬಿದ್ದು ಒಂದು ರಾತ್ರಿ ಹತ್ತು ಗಂಟೆಗೆ ಹೋದ ಕರೆಂಟ್ ಬೆಳಿಗ್ಗೆವರೆಗೂ ಬರಲಿಲ್ಲ. ಟ್ಯಾಂಕ್‌ಗೆ ಸುತ್ತಲೂ ಕಂಬಳಿ ಸುತ್ತಿ, ಮೇಲೆ ಗಾಳಿಗೆ ಒಂದು ಸಂದಿ ಬಿಟ್ಟು ಮಲಗಿದೆವು. ನನಗೆ ನಿದ್ದೆ ಸರಿಯಾಗಿ ಬರಲಿಲ್ಲ, ಎರಡು ಸಲ ಎದ್ದು ಟಾರ್ಚ್ ಹಾಕಿ ನೋಡಿದೆ. ಬೆಳಿಗ್ಗೆ ಆರಕ್ಕೆ ಇಪ್ಪತ್ತೆರಡೂವರೆ ಡಿಗ್ರಿ. ಎಂಟು ಗಂಟೆಯಲ್ಲಿ ಮೂರೂವರೆ ಡಿಗ್ರಿ ಇಳಿದಿತ್ತು, ಅದೂ ನಿಧಾನವಾಗಿ. ಮೀನು ಎಲೆ ಮೇಲೆ ಮಲಗಿತ್ತು, ಬೆಳಕು ಕಂಡ ಕೂಡಲೇ ಮುಂದೆ ಬಂತು. ಆ ಹಳೇ ಬೌಲ್ ಆಗಿದ್ದರೆ ಅಷ್ಟು ಹೊತ್ತಿಗೆ ಕೋಣೆಯಷ್ಟೇ ತಣ್ಣಗಾಗಿರುತ್ತಿತ್ತು.

ಮುಚ್ಚಳ ಬೇಕೇ ಬೇಕು. ಫೈಟರ್ ಹಾರುತ್ತದೆ, ಗಿಡ್ಡ ರೆಕ್ಕೆಯ ಪ್ಲಾಕಟ್ ಇನ್ನೂ ಜೋರಾಗಿ ಹಾರುತ್ತದೆ. ಗಾಜಿನದೇ ಎರಡು ತುಂಡು ಮಾಡಿಸಿ, ಒಂದು ಮೂಲೆ ವೈರಿಗೆ ಮತ್ತು ಗಾಳಿಗೆ ಕತ್ತರಿಸಿದ್ದೇನೆ. ಮುಚ್ಚಳ ಇದ್ದರೆ ನೀರಿನ ಮೇಲಿನ ಗಾಳಿಯೂ ಬೆಚ್ಚಗಿರುತ್ತದೆ.

ಫಿಲ್ಟರ್‌ಗೆ ಸ್ಪಾಂಜ್ ಫಿಲ್ಟರ್, ಚಿಕ್ಕ ಏರ್ ಪಂಪ್ ಸಾಕು. ಗಾಳಿ ಜೋರಾಗಿ ಬಿಟ್ಟರೆ ಮೀನು ಮೂಲೆ ಹಿಡಿದು ಕೂರುತ್ತದೆ, ಅದಕ್ಕೆ ಪೈಪ್ ಮಧ್ಯೆ ಕಂಟ್ರೋಲ್ ವಾಲ್ವ್ ಹಾಕಿ ಗುಳ್ಳೆ ಸಣ್ಣದಾಗಿ ಬರುವ ಹಾಗೆ ಮಾಡಿದ್ದೇನೆ. ಇನ್ನೊಂದು ಸಣ್ಣ ನಾನ್ ರಿಟರ್ನ್ ವಾಲ್ವ್ ಕೂಡ ಹಾಕಿ. ಕರೆಂಟ್ ಹೋದಾಗ ಪಂಪ್ ಟ್ಯಾಂಕ್‌ಗಿಂತ ಕೆಳಗಿದ್ದರೆ ನೀರು ಪೈಪ್‌ನಲ್ಲಿ ಹಿಂದಕ್ಕೆ ಬಂದು ಪಂಪ್‌ಗೆ ಹೋಗುತ್ತದೆ. ಸ್ಪಾಂಜ್ ಅನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕ್‌ನಿಂದ ತೆಗೆದ ಹಳೇ ನೀರಿನಲ್ಲಿ ಹಿಂಡಿ. ಅದರಲ್ಲಿ ಇರುವ ಬ್ಯಾಕ್ಟೀರಿಯಾನೇ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯ ಇಲ್ಲದ ನೈಟ್ರೇಟ್ ಮಾಡುವುದು. ಆ ಬ್ಯಾಕ್ಟೀರಿಯಾ ಬೆಳೆಯಲೆಂದು ಖಾಲಿ ಟ್ಯಾಂಕ್ ಅನ್ನೇ ಐದು ವಾರ ಓಡಿಸಿದೆವು, ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕಿಕೊಂಡು. "ಮೀನಿಲ್ಲದ ಟ್ಯಾಂಕ್‌ಗೆ ಯಾಕಮ್ಮ ಊಟ ಹಾಕ್ತೀಯ" ಅಂತ ಮಗ ದಿನಾ ಕೇಳುತ್ತಿದ್ದ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನಿಂತ ಮೇಲೆ ಅವನೇ ಹೋಗಿ ನೀಲಿ ಹಾಫ್‌ಮೂನ್ ಆರಿಸಿ ತಂದ.

ನೀರು ನಗರಸಭೆಯದ್ದೇ. ಯಗಚಿಯದ್ದೋ ಹಿರೇಕೊಳಲೆ ಕೆರೆಯದ್ದೋ, ಯಾವುದು ಬಂದರೂ ಕ್ಲೋರಿನ್ ಹಾಕಿರುತ್ತಾರೆ. ಬಕೆಟ್‌ನಲ್ಲಿ ಒಂದು ದಿನ ಮುಚ್ಚದೆ ಇಟ್ಟು, ಎರಡು ಹನಿ ಆಂಟಿ ಕ್ಲೋರಿನ್ ಹಾಕುತ್ತೇನೆ. ವಾರಕ್ಕೊಮ್ಮೆ ಐದು ಲೀಟರ್ ತೆಗೆದು ಐದು ಲೀಟರ್ ಹಾಕುವುದು, ಅಷ್ಟೇ, ಪೂರ್ತಿ ಚೆಲ್ಲುವುದಿಲ್ಲ. ಚಳಿಗಾಲದಲ್ಲಿ ಸ್ಟೀಲ್ ಪಾತ್ರೆಯಲ್ಲಿ ಸ್ವಲ್ಪ ಕಾಯಿಸಿ ಬೆರೆಸಿ, ಟ್ಯಾಂಕ್‌ನಷ್ಟೇ ಬೆಚ್ಚಗೆ ಮಾಡಿಕೊಂಡು ಹಾಕಿ. ತಾಮ್ರದ ಹಂಡೆಯ ಬಿಸಿನೀರು ಬೆರೆಸಬೇಡಿ, ತಾಮ್ರ ಮೀನಿಗೆ ಆಗುವುದಿಲ್ಲ.

ಒಳಗಿನ ಸಾಮಾನಿಗೆ ನನ್ನ ಹೊಲಿಗೆ ಕೆಲಸವೇ ಉಪಯೋಗಕ್ಕೆ ಬಂತು. ಮೊದಲ ಬೌಲ್‌ಗೆ ಹಾಕಿದ್ದ ಪ್ಲಾಸ್ಟಿಕ್ ಗಿಡ ಇನ್ನೂ ಇತ್ತು. ಜಾರ್ಜೆಟ್ ಬಟ್ಟೆಯ ತುಂಡೊಂದನ್ನು ಅದರ ಮೇಲೆ ಮೆಲ್ಲಗೆ ಎಳೆದು ನೋಡಿದೆ. ಮೂರು ಕಡೆ ಎಳೆ ಸಿಕ್ಕಿಕೊಂಡು ಎದ್ದು ಬಂತು. ಈ ಮೀನಿನ ರೆಕ್ಕೆ ಜಾರ್ಜೆಟ್‌ಗಿಂತ ತೆಳು. ಆ ಕೆಂಪು ಮೀನಿನ ಬಾಲದ ತುದಿ ಹರಿದಿತ್ತು, ಯಾಕೆ ಅಂತ ಆಗ ಅರ್ಥವಾಯಿತು. ಪ್ಲಾಸ್ಟಿಕ್ ಗಿಡ ಎಸೆದು ಜಾವಾ ಫರ್ನ್, ಅನುಬಿಯಾಸ್ ಹಾಕಿದೆ. ಇವನ್ನು ಮರಳಲ್ಲಿ ಹೂಳಬಾರದು, ಗೆಡ್ಡೆ ಕೊಳೆಯುತ್ತದೆ. ಒಂದು ಕಲ್ಲಿಗೆ ಹತ್ತಿ ದಾರದಲ್ಲಿ ಕಟ್ಟಿದೆ, ದಾರ ಕೊಳೆಯುವಷ್ಟರಲ್ಲಿ ಬೇರು ಕಲ್ಲು ಹಿಡಿದಿತ್ತು. ಅಡಗಿ ಕೂರುವುದಕ್ಕೆ ಒಂದು ಮಣ್ಣಿನ ಕುಡಿಕೆ ಅಡ್ಡ ಮಲಗಿಸಿದ್ದೇನೆ, ಬಾಯಿಯ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಿ.

ಕಾಡು ಬಾದಾಮಿ ಮರದ ಒಣಗಿ ಬಿದ್ದ ಎಲೆ ಒಂದನ್ನು ತೊಳೆದು ಹಾಕುತ್ತೇನೆ. ನೀರು ತಿಳಿ ಟೀ ಬಣ್ಣಕ್ಕೆ ತಿರುಗುತ್ತದೆ, ಅದು ಕೊಳೆಯಲ್ಲ, ಈ ಮೀನಿಗೆ ಹಿಡಿಸುವ ನೀರು. ತೋಟದ ಒಳಗಿನ ಮರದ ಎಲೆ ಮಾತ್ರ ತರಬೇಡಿ, ಔಷಧಿ ಹೊಡೆದಿರುತ್ತಾರೆ.

ಇನ್ನೊಂದು ಗಂಡು ಮೀನು ತಂದು ಮಧ್ಯೆ ಗಾಜು ಅಡ್ಡ ಹಾಕೋಣ ಅಂತ ಮಗ ಕೇಳಿದ. ಆಗಲ್ಲ ಅಂದೆ. ಎರಡು ಗಂಡು ಒಂದನ್ನೊಂದು ಕಂಡರೆ ಹೊತ್ತೆಲ್ಲ ಕಿವಿರು ಅಗಲಿಸಿಕೊಂಡು ನಿಲ್ಲುತ್ತವೆ, ಗಾಜಿನ ಆಚೆ ಇದ್ದರೂ ಅದೇ ಪಾಡು. ಸಾಯಂಕಾಲ ಲೈಟ್ ಹಾಕಿದಾಗ ಹಿಂದಿನ ಗಾಜಿನಲ್ಲಿ ತನ್ನ ನೆರಳು ಕಂಡೇ ಇದು ರೇಗುತ್ತಿತ್ತು. ಬ್ಲೌಸ್ ಹೊಲಿದು ಮಿಕ್ಕ ಕಪ್ಪು ಲೈನಿಂಗ್ ಬಟ್ಟೆಯನ್ನು ಹೊರಗಡೆಯಿಂದ ಅಂಟಿಸಿದೆ. ನೆರಳು ಪೂರ್ತಿ ಹೋಗಿಲ್ಲ, ಲೈಟನ್ನು ಸ್ವಲ್ಪ ಮುಂದಕ್ಕೆ ಸರಿಸಿದ ಮೇಲೆ ತುಂಬ ಕಡಿಮೆ ಆಯಿತು.

ಹೋದ ವಾರ ಹಾಸನದಿಂದ ನಾದಿನಿ ಫೋನ್ ಮಾಡಿದ್ದಳು. ಅವಳ ಮಗಳಿಗೆ ಹುಟ್ಟುಹಬ್ಬಕ್ಕೆ ಯಾರೋ ಬೌಲ್ ಸಮೇತ ಫೈಟರ್ ಕೊಟ್ಟಿದ್ದಾರಂತೆ. "ಅತ್ತಿಗೆ, ಬೆಳಿಗ್ಗೆ ಹೊತ್ತು ಅಲ್ಲಾಡೋದೇ ಇಲ್ಲ, ಏನು ಮಾಡ್ಲಿ?" ಅಂದಳು. ಟ್ಯಾಂಕ್ ಆಗುವವರೆಗೆ ಅಡುಗೆಮನೆಯ ಇಪ್ಪತ್ತು ಲೀಟರ್ ಪ್ಲಾಸ್ಟಿಕ್ ಡಬ್ಬ ಚೆನ್ನಾಗಿ ತೊಳೆದು, ಸೋಪು ಹಾಕದೆ, ಅದರಲ್ಲೇ ಬಿಡು ಅಂದೆ. ಐದು ವಾರ ಕಾಯಲು ಅವಳಿಗೆ ಆಗುವುದಿಲ್ಲ, ಮೀನು ಆಗಲೇ ಬಂದಿದೆ. ಅದಕ್ಕೆ ಆ ಬ್ಯಾಕ್ಟೀರಿಯಾ ಆಗಲೇ ಬೆಳೆದಿರುವ ನಮ್ಮ ಟ್ಯಾಂಕ್‌ನ ಎರಡನೇ ಸ್ಪಾಂಜ್ ಅನ್ನು ಹಳೇ ನೀರಿನ ಜೊತೆಗೇ ಡಬ್ಬದಲ್ಲಿ ಹಾಕಿ ಭಾನುವಾರ ಬಸ್ಸಿಗೆ ನಾನೇ ತಗೊಂಡು ಹೋಗುತ್ತಿದ್ದೇನೆ. 25 ವ್ಯಾಟ್‌ನ ಹಳೇ ಹೀಟರ್ ಕೂಡ ಬ್ಯಾಗಿಗೆ ಹಾಕಿದ್ದೇನೆ, 50ರದ್ದು ತರುವವರೆಗೆ ಅದೇ ಆಗಲಿ.