ರಾತ್ರಿ 2.40ರ ಸ್ಟೇಟಸ್

ಸಾಗರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಯಾರಾದರೂ ಸಾಯುವಷ್ಟು ನೊಂದಿದ್ದಾರಾ ಅಂತ ಮಕ್ಕಳ ವಾಟ್ಸಾಪ್ ಸ್ಟೇಟಸ್ ದಿನಾ ನೋಡುತ್ತೇನೆ. ಕದ್ದು ಅಲ್ಲ, 'ನೀವು ಹಾಕಿದ್ದು ನನಗೂ ಕಾಣುತ್ತೆ, ಗಾಬರಿಯಾದ್ರೆ ಬಂದು ಕೇಳ್ತೀನಿ' ಅಂತ ಮೊದಲ ಕ್ಲಾಸಿನಲ್ಲೇ ಹೇಳಿರುತ್ತೇನೆ.

ಶುರುವಿನಲ್ಲಿ ಪದಗಳನ್ನು ಹುಡುಕುತ್ತಿದ್ದೆ. 'ಸಾಕಾಯ್ತು', 'ಸತ್ತೇ ಹೋಗ್ತೀನಿ' ಅಂತ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಪರೀಕ್ಷೆ ಬಂದರೆ ಅರ್ಧ ಕ್ಲಾಸು ಹಾಗೇ ಬರೆಯುತ್ತೆ, ಅಲ್ವಾ? ಇಂಥ ಪೋಸ್ಟ್‌ಗಳನ್ನು ಕಂಪ್ಯೂಟರ್‌ನಿಂದ ಗುರುತಿಸುವ ಕೆಲಸವನ್ನು ಫೇಸ್‌ಬುಕ್ 2017ರಲ್ಲೇ ಶುರು ಮಾಡಿತು. ಆದರೆ ಯಾರು ಸುಮ್ನೆ ಬರೆದರು, ಯಾರು ನಿಜಕ್ಕೂ ನೊಂದು ಬರೆದರು ಅನ್ನೋದು ಆ ಹುಡುಗರನ್ನು ಬಲ್ಲವರಿಗೇ ಬೇಗ ಗೊತ್ತಾಗುವುದು. ಮೌನವನ್ನೂ ನಂಬುವಂತಿಲ್ಲ. ಹೊಸನಗರದ ಕಡೆಯ ಹುಡುಗಿ ಜುಲೈನಲ್ಲಿ ನಾಲ್ಕು ದಿನ ಆನ್‌ಲೈನ್ ಬರಲಿಲ್ಲ ಅಂದರೆ, ಹೆಚ್ಚಿನ ಸಲ ಮಳೆಗೆ ಕರೆಂಟ್ ಹೋಗಿ ಟವರ್ ಬಂದ್ ಆಗಿರುತ್ತೆ, ಅಷ್ಟೇ.

ಈಗ ನಾನು ನೋಡುವುದು ಬದಲಾವಣೆಯನ್ನು. ಒಬ್ಬ ಹುಡುಗ ಇದ್ದ, ಕ್ರಿಕೆಟ್ ಮತ್ತು ಯಕ್ಷಗಾನ ಬಿಟ್ಟರೆ ಬೇರೇನೂ ಹಾಕುತ್ತಿರಲಿಲ್ಲ. ಒಂದು ವಾರ ಅವೆರಡೂ ನಿಂತವು. ಆಮೇಲೆ ರಾತ್ರಿ 2.40ಕ್ಕೆ ಕಪ್ಪು ಹಿನ್ನೆಲೆಯ ಮೇಲೆ ಒಂದೇ ಸಾಲು: 'ಇನ್ಮೇಲೆ ಅಪ್ಪನಿಗೆ ನಾನು ಭಾರ ಆಗಲ್ಲ.' ಸಾವು ಅನ್ನುವ ಮಾತೇ ಅದರಲ್ಲಿಲ್ಲ. ಬೆಳಿಗ್ಗೆ ಅದನ್ನು ನೋಡಿದವನೇ ಹಾಸ್ಟೆಲ್‌ಗೆ ಓಡಿದೆ. ಹಿಂದಿನ ದಿನ ತನ್ನ ಬ್ಯಾಟನ್ನೂ ಯಾರಿಗೋ ಕೊಟ್ಟಿದ್ದನಂತೆ.

'ತಿಂಡಿ ಆಯ್ತೇನೋ' ಅಂತ ಪಕ್ಕ ಕೂತೆ. ಆಮೇಲೆ ನೇರವಾಗಿ ಕೇಳಿದೆ, 'ಸಾಯಬೇಕು ಅನ್ನಿಸ್ತಿದೆಯೇನೋ?' ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಅಂತ ಮೊದಲು ನಾನೂ ಹೆದರುತ್ತಿದ್ದೆ. ಹಾಗಾಗುವುದಿಲ್ಲ, ಸಂಶೋಧನೆಗಳೂ ಅದನ್ನೇ ಹೇಳುತ್ತವೆ. ಅವನು ತುಂಬಾ ಹೊತ್ತು ಚಾಪೆಯ ಅಂಚು ಕೀಳುತ್ತಾ ಕೂತಿದ್ದ. ಆಮೇಲೆ 'ಹೌದು ಸರ್' ಅಂದ.

ಅವನನ್ನು ಒಬ್ಬನೇ ಬಿಡಲಿಲ್ಲ. ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆವು. ಹಗಲು ರಾತ್ರಿ ಇರುತ್ತೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವನಿಗೆ ಹೇಳಿಯೇ ಮನೆಗೂ ಫೋನ್ ಮಾಡಿದೆ. ತೋಟದ ಔಷಧಿಯನ್ನೆಲ್ಲ ಬೀಗ ಹಾಕಿಡಿ ಅಂದಾಗ ಅವನ ಅಪ್ಪನಿಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಸಂಜೆಯ ಬಸ್ಸಿಗೆ ಬಂದರು, ಮರುದಿನ ಮೂವರೂ ಶಿವಮೊಗ್ಗದ ಮನೋವೈದ್ಯರ ಹತ್ತಿರ ಹೋದೆವು.

ಆ ಸ್ಟೇಟಸ್‌ನ ಸ್ಕ್ರೀನ್‌ಶಾಟ್ ಮಾತ್ರ ಯಾವ ಗ್ರೂಪಿಗೂ ಹಾಕಲಿಲ್ಲ. ಹಿಂದೊಮ್ಮೆ ಒಬ್ಬ ಹುಡುಗಿ ಬರೆದದ್ದನ್ನು ಯಾರೋ ಹಾಗೆ ಹಂಚಿದ್ದರು. ಮಾರನೇ ದಿನವೇ ಅವಳು ಮೇಷ್ಟ್ರುಗಳಿಗೆಲ್ಲ ಸ್ಟೇಟಸ್ ಕಾಣದ ಹಾಗೆ ಮಾಡಿಬಿಟ್ಟಳು. ಮತ್ತೆ ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಲು ಅವಳಿಗೆ ಎರಡು ತಿಂಗಳು ಹಿಡಿಯಿತು.